ಶರದೃತುವಿನ ಹಬ್ಬಗಳು ಪ್ರತಿವರ್ಷ ಹಿಂದೆ ಮುಂದೆ ಸರಿಯುವುದೇಕೆ? ಭೂಮಿ ಹುಣ್ಣಿಮೆ, ಹಾಸನಾಂಬೆಯ ಬಾಗಿಲು, ದೀಪಾವಳಿ

ಪ್ರಶ್ನೆ (ತವರು ಕೊಪ್ಪ, ಮನೆ ಹಾಸನ)

ಎಲ್ಲರಿಗೂ ನಮಸ್ಕಾರ. ನನ್ನ ತವರು ಕೊಪ್ಪ ತಾಲ್ಲೂಕಿನ ಒಂದು ಹಳ್ಳಿ, ಮದುವೆಯಾಗಿ ಬಂದದ್ದು ಹಾಸನಕ್ಕೆ. ಆದ್ದರಿಂದ ಆಶ್ವಯುಜ ಮಾಸ ಹುಟ್ಟಿತೆಂದರೆ ಎರಡು ಮನೆಗಳ ಹಬ್ಬಗಳನ್ನೂ ಹೊಂದಿಸಿಕೊಳ್ಳುವ ಹೊಣೆ ನನ್ನದಾಗುತ್ತದೆ. ತವರಿನಲ್ಲಿ ಭೂಮಿ ಹುಣ್ಣಿಮೆಯ, ಅಂದರೆ ಗದ್ದೆಯ ಪೈರಿಗೆ ಪೂಜೆ ಮಾಡುವ ಆಶ್ವಯುಜ ಹುಣ್ಣಿಮೆಯ, ಹಿಂದಿನ ರಾತ್ರಿ ಇಡೀ ಅಡುಗೆ ನಡೆಯುತ್ತದೆ, ಬೆಳಗಿನ ಜಾವ ಗದ್ದೆಗೆ ಚರಗ (ಬೇಯಿಸಿದ ಸೊಪ್ಪು ಕಲಸಿದ ಅನ್ನ) ಚೆಲ್ಲುವುದಕ್ಕೆ ಮನೆಯ ಹೆಣ್ಣುಮಕ್ಕಳು ಇರಬೇಕೆಂದು ಅಪ್ಪನ ಆಸೆ. ಹಾಸನದಲ್ಲಿ, ವರ್ಷಕ್ಕೊಮ್ಮೆ ಕೆಲವೇ ದಿನ ತೆರೆಯುವ ಹಾಸನಾಂಬೆ ದೇವಸ್ಥಾನದ ಬಾಗಿಲು ತೆರೆದರೆ ಅತ್ತೆಯವರ ಕಡೆಯ ನೆಂಟರೆಲ್ಲ ನಮ್ಮ ಮನೆಯಲ್ಲಿಯೇ ಇಳಿದುಕೊಳ್ಳುತ್ತಾರೆ.

2024ರಲ್ಲಿ ಹಾಸನಾಂಬೆಯ ಬಾಗಿಲು ತೆರೆದದ್ದು ಅಕ್ಟೋಬರ್ 24ಕ್ಕೆ. ಅದೇ ಅಂದಾಜಿನ ಮೇಲೆ 2025ರಲ್ಲಿಯೂ ಅಕ್ಟೋಬರ್ ಮೂರನೆಯ ವಾರಕ್ಕೆ ರಜೆ ಕೇಳಿಕೊಂಡಿದ್ದೆ. ಆದರೆ ಆ ವರ್ಷ ಬಾಗಿಲು 9ನೆಯ ತಾರೀಖಿಗೇ ತೆರೆಯಿತು. ಭೂಮಿ ಹುಣ್ಣಿಮೆಯಂತೂ ಅದಕ್ಕೂ ಎರಡು ದಿನ ಮೊದಲೇ, 7ಕ್ಕೆ ಮುಗಿದುಹೋಯಿತು. ಎರಡು ದಿನ ಮುಂಚೆ ಅಮ್ಮ ಫೋನಿನಲ್ಲಿ ನೆನಪಿಸಿದಾಗ ರಜೆ ಬದಲಿಸಿಕೊಳ್ಳಲು ಸಮಯವಿರಲಿಲ್ಲ. ಅಪ್ಪನಿಗೆ ವಯಸ್ಸಾಗಿದೆ, ಗದ್ದೆಯ ಅಂಚಿನ ಮೇಲೆ ಅವರೊಂದಿಗೆ ನಡೆಯುವ ಇನ್ನೊಂದು ಹುಣ್ಣಿಮೆ ಕೈ ತಪ್ಪಿತಲ್ಲ ಎಂಬ ಸಂಕಟ ಇನ್ನೂ ಹೋಗಿಲ್ಲ.

ಪಂಚಾಂಗ ಬಲ್ಲವರಲ್ಲಿ ನನ್ನ ಪ್ರಶ್ನೆಗಳು ಇವು. ಒಂದು ವರ್ಷ ಅಕ್ಟೋಬರ್ ಮೊದಲ ವಾರ, ಇನ್ನೊಂದು ವರ್ಷ ಅಕ್ಟೋಬರ್ ಕೊನೆ ಎಂದು ಇಷ್ಟು ದೂರ ಸರಿಯಲು ಕಾರಣವೇನು? ಹಾಸನಾಂಬೆಯ ದರ್ಶನ 2024ರಲ್ಲಿ 11 ದಿನ, 2025ರಲ್ಲಿ 15 ದಿನ ಏಕೆ? ಕೊನೆಯದಾಗಿ, ಅಪ್ಪ ಯಾವಾಗಲೂ “ಹುಣ್ಣಿಮೆ ಯಾವ ಮಳೆಯಲ್ಲಿ ಬಿತ್ತು ನೋಡು” ಎನ್ನುತ್ತಾರೆ. ಹಬ್ಬಕ್ಕೂ ಮಳೆ ನಕ್ಷತ್ರಕ್ಕೂ ಇರುವ ನಂಟು ಏನು?

ಉತ್ತರ 1 (ನಿವೃತ್ತ ಗಣಿತ ಶಿಕ್ಷಕ, ಹಾಸನ)

ತಾಯಿ, ಮೊದಲು ಮಾಸದ ಲೆಕ್ಕವನ್ನು ಹೇಳುತ್ತೇನೆ, ಉಳಿದವು ಅದರಿಂದಲೇ ಬಿಡಿಸಿಕೊಳ್ಳುತ್ತವೆ.

ನಮ್ಮ ಸೀಮೆಯಲ್ಲಿ ಈ ಹಬ್ಬಗಳಿಗೆಲ್ಲ ಹಿಡಿಯುವುದು ಅಮಾವಾಸ್ಯೆಗೆ ಮುಗಿಯುವ ಚಾಂದ್ರಮಾನ ಮಾಸವನ್ನು. ಆಶ್ವಯುಜ ಮತ್ತು ಕಾರ್ತಿಕ ಸೇರಿ ಶರದೃತು. ಅಂಥ ಹನ್ನೆರಡು ಮಾಸಗಳಿಗೆ ಸುಮಾರು 354 ದಿನಗಳಾಗುತ್ತವೆ, ಸೂರ್ಯನ ವರ್ಷಕ್ಕೆ 365 ದಿನಗಳು ಬೇಕು. ಈ 11 ದಿನಗಳ ಅಂತರದಿಂದಾಗಿ ಹಬ್ಬಗಳು ಇಂಗ್ಲಿಷ್ ಕ್ಯಾಲೆಂಡರಿನಲ್ಲಿ ಪ್ರತಿವರ್ಷ ಅಷ್ಟು ದಿನ ಹಿಂದಕ್ಕೆ ಬರುತ್ತವೆ. ಹೀಗೆಯೇ ಬಿಟ್ಟರೆ ಕೆಲವು ವರ್ಷಗಳಲ್ಲಿ ದೀಪಾವಳಿ ಜುಲೈ ತಿಂಗಳ ಜಡಿಮಳೆಗೆ ಬಂದು ಸೇರಬೇಕಾಗುತ್ತಿತ್ತು. ಅದನ್ನು ತಡೆಯುವುದು ಅಧಿಕ ಮಾಸ. ಎರಡು ಅಮಾವಾಸ್ಯೆಗಳ ನಡುವೆ ಸೂರ್ಯನು ಒಂದು ರಾಶಿಯಿಂದ ಇನ್ನೊಂದಕ್ಕೆ ದಾಟದೆ ಹೋದರೆ, ಅಂದರೆ ಆ ಮಾಸದಲ್ಲಿ ಸಂಕ್ರಮಣವೇ ಇಲ್ಲದಿದ್ದರೆ, ಆ ಮಾಸವನ್ನು ಅಧಿಕವೆಂದು ಬಿಟ್ಟು ಲೆಕ್ಕ ಸರಿಹೊಂದಿಸುತ್ತಾರೆ. ಇದು ಸುಮಾರು ಮೂವತ್ತೆರಡೂವರೆ ತಿಂಗಳಿಗೊಮ್ಮೆ ಬರುತ್ತದೆ, 19 ವರ್ಷಗಳಲ್ಲಿ ಏಳು ಬಾರಿ.

ಇದನ್ನು ನಾಲ್ಕು ವರ್ಷಗಳ ದೀಪಾವಳಿ ಅಮಾವಾಸ್ಯೆಯ ಮೇಲೆ ಇಟ್ಟು ನೋಡಿ. 2023ರಲ್ಲಿ ಅಧಿಕ ಶ್ರಾವಣ ಬಂದಿತ್ತು, ಆದ್ದರಿಂದ ಅಮಾವಾಸ್ಯೆ ನವೆಂಬರ್ 13ರವರೆಗೆ ತಡವಾಯಿತು. 2024ರಲ್ಲಿ ಅದು ನವೆಂಬರ್ 1ಕ್ಕೆ ಬಂತು, 2025ರಲ್ಲಿ ಅಕ್ಟೋಬರ್ 21ಕ್ಕೆ. 2026ರಲ್ಲಿ ಅಧಿಕ ಜ್ಯೇಷ್ಠವಿರುವುದರಿಂದ ಒಮ್ಮೆಲೇ 19 ದಿನ ಮುಂದಕ್ಕೆ ನೆಗೆದು ನವೆಂಬರ್ 9ಕ್ಕೆ ಹೋಗುತ್ತದೆ. ಎರಡು ವರ್ಷ ಹನ್ನೊಂದು ಹನ್ನೆರಡು ದಿನ ಹಿಂದಕ್ಕೆ, ಮೂರನೆಯದರಲ್ಲಿ ಹತ್ತೊಂಬತ್ತು ದಿನ ಮುಂದಕ್ಕೆ. ನೀವು 2024ರ ತಾರೀಖನ್ನು ಹಿಡಿದು 2025ಕ್ಕೆ ರಜೆ ಕೇಳಿದ್ದರಿಂದ ಈ ಹನ್ನೊಂದು ದಿನ ನಿಮ್ಮ ಕೈ ಬಿಟ್ಟಿತು.

ಎಷ್ಟೇ ಸರಿದರೂ ಇದಕ್ಕೊಂದು ಬೇಲಿ ಇದೆ ಎಂಬುದನ್ನು ಬಹಳ ಮಂದಿ ಗಮನಿಸಿಲ್ಲ. ಸೂರ್ಯನು ತುಲಾ ರಾಶಿಗೆ ದಾಟುವ ದಿನ, ಅಂದರೆ ತಲಕಾವೇರಿಯಲ್ಲಿ ತೀರ್ಥೋದ್ಭವವಾಗುವ ತುಲಾ ಸಂಕ್ರಮಣ, ಈಗಿನ ಕಾಲದಲ್ಲಿ ಅಕ್ಟೋಬರ್ 17 ಅಥವಾ 18ಕ್ಕೇ ಬರುತ್ತದೆ. ಅದು ಸೌರಮಾನದ ಲೆಕ್ಕ, ಕದಲುವುದಿಲ್ಲ. ಆ ಸಂಕ್ರಮಣವನ್ನು ತನ್ನ ಹೊಟ್ಟೆಯೊಳಗೆ ಇಟ್ಟುಕೊಂಡಿರುವ ಚಾಂದ್ರಮಾಸಕ್ಕೇ ಆಶ್ವಯುಜವೆಂದು ಹೆಸರು. ಹೀಗಾಗಿ ಆಶ್ವಯುಜದ ಕೊನೆಯ ದಿನವಾದ ದೀಪಾವಳಿ ಅಮಾವಾಸ್ಯೆಯು ಅಕ್ಟೋಬರ್ 17ರ ಹಿಂದಕ್ಕೂ ಹೋಗುವುದಿಲ್ಲ, ನವೆಂಬರ್ ಮಧ್ಯವನ್ನೂ ದಾಟುವುದಿಲ್ಲ. ಭೂಮಿ ಹುಣ್ಣಿಮೆ ಅದಕ್ಕಿಂತ ಒಂದು ಪಕ್ಷ ಮೊದಲು, ಅಕ್ಟೋಬರ್ ಆರಂಭದಿಂದ ನವೆಂಬರ್ ಆರಂಭದವರೆಗಿನ ಒಂದು ತಿಂಗಳೊಳಗೆ ಎಲ್ಲಿಯಾದರೂ ಬರಬಹುದು. ನಮ್ಮ ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿ ಹರಿಯುವುದರಿಂದ, ತುಲಾ ಸ್ನಾನಕ್ಕೆ ಹೋಗುವ ನಮ್ಮ ಕಡೆಯವರಿಗೆ ಈ ಕದಲದ ದಿನ ಚೆನ್ನಾಗಿಯೇ ಗೊತ್ತಿದೆ, ದೀಪಾವಳಿಯ ಲೆಕ್ಕಕ್ಕೆ ಅದನ್ನು ಜೋಡಿಸಿಕೊಂಡವರು ಕಡಿಮೆ.

ಇನ್ನು ಹಾಸನಾಂಬೆಯ ವಿಷಯ. ಆಶ್ವಯುಜ ಹುಣ್ಣಿಮೆಯ ನಂತರ ಬರುವ ಮೊದಲ ಗುರುವಾರ ಬಾಗಿಲು ತೆರೆಯುತ್ತದೆ, ಬಲಿಪಾಡ್ಯಮಿಯ ಮರುದಿನ ಮುಚ್ಚುತ್ತದೆ. ಮುಚ್ಚುವ ದಿನಕ್ಕೆ ತಿಥಿಯೇ ಗತಿ, ತೆರೆಯುವ ದಿನಕ್ಕೆ ತಿಥಿಯ ಜೊತೆಗೆ ವಾರವೂ ಸೇರಿದೆ. ದಿನಗಳ ಸಂಖ್ಯೆ ಬದಲಾಗುವುದು ಈ ವಾರದಿಂದ. 2024ರಲ್ಲಿ ಹುಣ್ಣಿಮೆಯೇ ಗುರುವಾರ, ಅಕ್ಟೋಬರ್ 17ರಂದು ಬಂದಿತ್ತು. ನಂತರದ ಗುರುವಾರಕ್ಕೆ ಒಂದು ವಾರ ಪೂರ್ತಿ ಕಾಯಬೇಕಾಯಿತು; 24ಕ್ಕೆ ತೆರೆದು ನವೆಂಬರ್ 3ಕ್ಕೆ ಮುಚ್ಚಿದಾಗ 11 ದಿನಗಳಷ್ಟೇ ಸಿಕ್ಕವು. 2025ರಲ್ಲಿ ಹುಣ್ಣಿಮೆ ಮಂಗಳವಾರ ಬಂತು, ಎರಡೇ ದಿನಕ್ಕೆ ಗುರುವಾರ. ಅಕ್ಟೋಬರ್ 9ರಿಂದ 23ರವರೆಗೆ 15 ದಿನ. 2023ರಲ್ಲಿ ಹುಣ್ಣಿಮೆ ಶನಿವಾರ, ಬಾಗಿಲು ನವೆಂಬರ್ 2ರಿಂದ 15ರವರೆಗೆ. 2022ರಲ್ಲಿ ಹುಣ್ಣಿಮೆ ಭಾನುವಾರ, ಬಾಗಿಲು ಅಕ್ಟೋಬರ್ 13ರಿಂದ 27ರವರೆಗೆ. ಈ ನಾಲ್ಕೂ ವರ್ಷ ನಿಯಮ ತಪ್ಪಿಲ್ಲ. ನೆಂಟರಿಗೆ ಹೇಳುವಾಗ ಒಂದು ಮಾತು ಸೇರಿಸಿ: ಸಾಮಾನ್ಯವಾಗಿ ಮೊದಲನೆಯ ದಿನ ಮತ್ತು ಕೊನೆಯ ದಿನ ಸಾರ್ವಜನಿಕ ದರ್ಶನವಿರುವುದಿಲ್ಲ.

ತಾರೀಖುಗಳ ಲೆಕ್ಕದ ನಡುವೆ ದೇವಿಯ ಮಾತನ್ನು ಬಿಡಲಾರೆ. ಕಾಶಿಯಿಂದ ದಕ್ಷಿಣಕ್ಕೆ ಬಂದ ಸಪ್ತಮಾತೃಕೆಯರಲ್ಲಿ ವೈಷ್ಣವಿ, ಮಾಹೇಶ್ವರಿ, ಕೌಮಾರಿ ಇಲ್ಲಿ ಹುತ್ತದ ರೂಪದಲ್ಲಿ ನೆಲೆಸಿದರೆಂದೂ, ಚಾಮುಂಡಿ, ವಾರಾಹಿ, ಇಂದ್ರಾಣಿ ಊರಿನ ದೇವಿಗೆರೆಯಲ್ಲಿ ಉಳಿದರೆಂದೂ, ಬ್ರಾಹ್ಮಿಯು ಆಲೂರು ತಾಲ್ಲೂಕಿನ ಕೆಂಚಮ್ಮನ ಹೊಸಕೋಟೆಗೆ ಹೋದಳೆಂದೂ ನಮ್ಮಲ್ಲಿ ನಂಬಿಕೆ. ಬಾಗಿಲು ತೆರೆಯುವ ಹೊತ್ತಿಗೆ ಅರಸು ಮನೆತನದವರು ಬಾಳೆಕಂದು ಕಡಿಯುತ್ತಾರೆ. ವರ್ಷದ ಹಿಂದೆ ಹಚ್ಚಿಟ್ಟ ದೀಪ ಉರಿಯುತ್ತಿರುವುದನ್ನು ಕಾಣಬೇಕೆಂದು ಜನ ಕಾತರದಿಂದ ನಿಂತಿರುತ್ತಾರೆ. ನಾನು ಚಿಕ್ಕವನಿದ್ದಾಗ ಸಾಲಿನಲ್ಲಿ ನಿಂತು ಅಜ್ಜಿಯ ಸೆರಗನ್ನು ಹಿಡಿದುಕೊಂಡೇ ಒಳಗೆ ಹೋಗುತ್ತಿದ್ದೆ. ಒಳಗಿನ ಎಣ್ಣೆಯ ಮತ್ತು ಹೂವಿನ ವಾಸನೆಯು ಹೊರಗೆ ಬಂದ ಮೇಲೂ ಬಹಳ ಹೊತ್ತು ಅಂಗಿಯಲ್ಲಿಯೇ ಉಳಿಯುತ್ತಿತ್ತು.

ಉತ್ತರ 2 (ಗದ್ದೆ ಮಾಡುವವನು, ಶೃಂಗೇರಿ ಕಡೆ)

ಮೇಷ್ಟರು ಚಂದ್ರನ ಲೆಕ್ಕವನ್ನು ತಿಳಿಯಾಗಿ ಹೇಳಿದ್ದಾರೆ. ಅಕ್ಕ ಕೇಳಿದ ಮೂರನೆಯ ಪ್ರಶ್ನೆ ನಮ್ಮಂಥವರದ್ದು, ಅದಕ್ಕೆ ನಾನು ಉತ್ತರಿಸುತ್ತೇನೆ.

ಮಳೆ ನಕ್ಷತ್ರಗಳು ಸೂರ್ಯನವು. ಸೂರ್ಯನು ಇಪ್ಪತ್ತೇಳು ನಕ್ಷತ್ರಗಳನ್ನು ಒಂದು ವರ್ಷದಲ್ಲಿ ದಾಟುತ್ತಾನೆ, ಒಂದೊಂದಕ್ಕೆ ಹದಿಮೂರು ಹದಿನಾಲ್ಕು ದಿನ. ಹಾಗಾಗಿ ಇವು ತಾರೀಖು ಬದಲಿಸುವುದಿಲ್ಲ. ಹಸ್ತ ಮಳೆ ಸೆಪ್ಟೆಂಬರ್ 27ರ ಸುಮಾರಿಗೆ ಹುಟ್ಟುತ್ತದೆ, ಚಿತ್ತೆ ಅಕ್ಟೋಬರ್ 10ರ ಸುಮಾರಿಗೆ, ಸ್ವಾತಿ 24ರ ಸುಮಾರಿಗೆ, ವಿಶಾಖೆ ನವೆಂಬರ್ 6ರ ಸುಮಾರಿಗೆ. ಹಬ್ಬ ಚಂದ್ರನದು, ಮಳೆ ಸೂರ್ಯನದು, ಬೆಳೆ ಮಳೆಯದು. ಚಂದ್ರನು ಹಬ್ಬವನ್ನು ಹಿಂದೆ ಮುಂದೆ ಸರಿಸುವಾಗ ಅದು ಒಂದೊಂದು ವರ್ಷ ಒಂದೊಂದು ಮಳೆಯೊಳಗೆ ಬೀಳುತ್ತದೆ. ಮೇಷ್ಟರು ಕೊಟ್ಟ ತಾರೀಖುಗಳನ್ನೇ ಹಿಡಿದರೆ, ಭೂಮಿ ಹುಣ್ಣಿಮೆ 2022ರಲ್ಲಿಯೂ 2025ರಲ್ಲಿಯೂ ಹಸ್ತದಲ್ಲಿ ಬಂತು, 2024ರಲ್ಲಿ ಚಿತ್ತೆಯಲ್ಲಿ, 2023ರಲ್ಲಿ ಸ್ವಾತಿಯಲ್ಲಿ. ನಿಮ್ಮ ತಂದೆಯವರು ನೋಡು ಎನ್ನುವುದು ಇದನ್ನೇ.

ಅದು ಏಕೆ ಮುಖ್ಯವೆಂದರೆ, ಈ ಹಬ್ಬದಲ್ಲಿ ನಾವು ಭೂಮಿಯನ್ನು ಬಸುರಿ ಹೆಂಗಸೆಂದು ಕಾಣುತ್ತೇವೆ. ಪೈರು ಹೊಡೆ ತುಂಬಿಕೊಂಡು ನಿಂತಾಗ ಅವಳಿಗೆ ಬಯಕೆಯ ಊಟ ಬಡಿಸುವುದೇ ಚರಗ. ಹೊಡೆ ಎಂದರೆ ತೆನೆ ಇನ್ನೂ ಹೊರಗೆ ಬಂದಿರುವುದಿಲ್ಲ. ಎಲೆಯ ಸುರುಳಿಯೊಳಗೆ ಮಡಚಿಕೊಂಡಿರುತ್ತದೆ, ದಂಟನ್ನು ಎರಡು ಬೆರಳುಗಳ ನಡುವೆ ಹಿಡಿದರೆ ಒಳಗೆ ಮೆತ್ತಗೆ ಉಬ್ಬಿರುವುದು ತಿಳಿಯುತ್ತದೆ. ಹುಣ್ಣಿಮೆ ಹಸ್ತದಲ್ಲಿ ಬಂದರೆ ನಮ್ಮ ಕಡೆ ತಡವಾಗಿ ನಾಟಿ ಮಾಡಿದ ಗದ್ದೆಗಳಲ್ಲಿ ಹೊಡೆ ಆಗತಾನೆ ಕಾಣುತ್ತಿರುತ್ತದೆ. ಸ್ವಾತಿಯಲ್ಲಿ ಬಂದರೆ ಎಷ್ಟೋ ಗದ್ದೆಗಳಲ್ಲಿ ತೆನೆ ಹೊರಬಿದ್ದು ಹಾಲು ತುಂಬಿರುತ್ತದೆ. 2023ರಲ್ಲಿ ಹಬ್ಬವೂ ತಡವಾಯಿತು, ಮಳೆ ಕೈಕೊಟ್ಟು ನಮ್ಮ ನಾಟಿಯೂ ತಡವಾಯಿತು. ಅಕ್ಟೋಬರ್ 28ರ ಬೆಳಗಿನ ಜಾವ ನಾವು ಚರಗ ಚೆಲ್ಲುವಾಗ ನಮ್ಮ ಮೇಲಿನ ಗದ್ದೆ ಸರಿಯಾಗಿ ಹೊಡೆಯಲ್ಲಿತ್ತು. ಬರದ ವರ್ಷದಲ್ಲಿಯೂ ಹಬ್ಬ ಮತ್ತು ಪೈರು ಒಂದನ್ನೊಂದು ಕಾದು ನಿಂತಂತೆ ನನಗೆ ಅನ್ನಿಸಿತು.

ಸ್ವಾತಿ ಮಳೆ ಮುತ್ತಿನ ಬೆಳೆ ಎಂದು ಹಿರಿಯರು ಹೇಳುವುದನ್ನು ನೀವೂ ಕೇಳಿರುತ್ತೀರಿ, ಆದರೆ ತೆನೆ ಬಲಿತ ಮೇಲೆ ಅದೇ ಸ್ವಾತಿ ಜೋರಾಗಿ ಹೊಡೆದರೆ ಪೈರು ನೆಲ ಹಿಡಿಯುತ್ತದೆ. ಆದ್ದರಿಂದ ಹುಣ್ಣಿಮೆ ಯಾವ ಮಳೆಯಲ್ಲಿ ಬಿತ್ತು ಎಂದು ಕೇಳುವುದು, ಪೈರು ಈಗ ಯಾವ ಹಂತದಲ್ಲಿದೆ, ಮುಂದೆ ಎಷ್ಟು ಮಳೆ ಬಾಕಿ ಇದೆ ಎಂದು ಕೇಳಿದ ಹಾಗೆಯೇ.

ನಮ್ಮ ಮನೆಯಲ್ಲಿ ಮಾಡುವ ಕ್ರಮವನ್ನೂ ಹೇಳುತ್ತೇನೆ, ಒಂದೊಂದು ಊರಿನಲ್ಲಿ ಸ್ವಲ್ಪ ಬೇರೆ ಇರಬಹುದು. ಹಿಂದಿನ ದಿನ ಬೇಲಿ, ತೋಟ, ಹಿತ್ತಲು ಎಲ್ಲ ಸುತ್ತಿ ಕೆಸು, ಹರಿವೆ ಮತ್ತು ಕೈಗೆ ಸಿಕ್ಕಿದ ತಿನ್ನುವ ಸೊಪ್ಪುಗಳನ್ನೆಲ್ಲ ತಂದು ಬೇಯಿಸಿ ಅನ್ನದೊಂದಿಗೆ ಕಲಸುತ್ತೇವೆ. ಇದೇ ಚರಗ. ರಾತ್ರಿ ಕೊಟ್ಟೆ ಕಡುಬು, ಚೀನಿಕಾಯಿ ಕಡುಬು, ಅಮಟೆಕಾಯಿಯ ಪದಾರ್ಥ ಆಗುತ್ತವೆ. ಕೋಳಿ ಕೂಗುವ ಹೊತ್ತಿಗೆ ಬುಟ್ಟಿ ಹೊತ್ತು, ದೊಂದಿ ಹಿಡಿದು ಗದ್ದೆಗೆ ಹೋಗಿ, ಅಂಚಿನಿಂದ ಅಂಚಿಗೆ ನಡೆಯುತ್ತ ಚರಗ ಬೀರುತ್ತೇವೆ. ಬೆಳಕು ಹರಿದ ಮೇಲೆ ಒಂದು ಬುಡ ಪೈರನ್ನು ಆರಿಸಿ ಅದಕ್ಕೆ ಅರಿಸಿನ ಕುಂಕುಮವಿಟ್ಟು, ಮನೆಯ ಹೆಂಗಸರು ತಮ್ಮ ಕೊರಳಿನ ಕರಿಮಣಿ ಸರವನ್ನು ತೆಗೆದು ಅದಕ್ಕೆ ತೊಡಿಸಿ ಪೂಜೆ ಮಾಡುತ್ತಾರೆ. ಕಾಗೆಗೆ ಎಡೆಯಿಟ್ಟು, ಅಲ್ಲಿಯೇ ಅಂಚಿನ ಮೇಲೆ ಕುಳಿತು ಎಲ್ಲರೂ ಉಣ್ಣುತ್ತೇವೆ. ಹೊರಡುವ ಮುನ್ನ ಒಂದು ಕಡುಬನ್ನು ಗದ್ದೆಯ ಮೂಲೆಯಲ್ಲಿ ಹೂಳುತ್ತೇವೆ, ಕೊಯ್ಲಿನ ದಿನ ಅದನ್ನು ತೆಗೆದು ಪ್ರಸಾದವೆಂದು ಹಂಚಿಕೊಳ್ಳುತ್ತೇವೆ. ನನ್ನ ಮಗನಿಗೆ ಈಗ ಹತ್ತು ವರ್ಷ, ಹೂತ ಜಾಗಕ್ಕೆ ಕೋಲು ನೆಡುವ ಕೆಲಸವನ್ನು ಅವನು ಯಾರಿಗೂ ಬಿಟ್ಟುಕೊಡುವುದಿಲ್ಲ.

ಸುತ್ತಲೂ ಗದ್ದೆಗಳಿಗೆ ಅಡಿಕೆ ಸಸಿ ಬಿದ್ದು, ಚರಗ ಚೆಲ್ಲಲು ಗದ್ದೆಯೇ ಇಲ್ಲವೆಂದು ತೋಟದಲ್ಲಿ ಹುಣ್ಣಿಮೆ ಮಾಡುವ ಮನೆಗಳು ಹೆಚ್ಚುತ್ತಿವೆ. ತೋಟವೂ ಭೂಮಿಯೇ, ಅದರಲ್ಲಿ ತಪ್ಪಿಲ್ಲ. ಆದರೆ ಹೊಡೆ ಎಂದರೇನೆಂದು ಬೆರಳಿನಿಂದ ಮುಟ್ಟಿ ತಿಳಿಯದ ಮಕ್ಕಳಿಗೆ ಈ ಹಬ್ಬದ ಬಯಕೆ ಊಟದ ಅರ್ಥ ಹೇಗೆ ಮುಟ್ಟಿಸುವುದು ಎಂಬ ಚಿಂತೆ ನನ್ನನ್ನು ಬಿಟ್ಟಿಲ್ಲ.

ಉತ್ತರ 3 (ಚಿಕ್ಕಮಗಳೂರು, ಕಾಫಿ ತೋಟದ ಮನೆ)

ಮಳೆ ನಕ್ಷತ್ರದ ಮಾತು ಓದಿ ದೇವೀರಮ್ಮನ ಬೆಟ್ಟದ ವಿಷಯ ಹೇಳಬೇಕೆನ್ನಿಸಿತು. ಮಲ್ಲೇನಹಳ್ಳಿಯ ಬಳಿಯ ಬಿಂಡಿಗ ದೇವೀರಮ್ಮನ ಬೆಟ್ಟವನ್ನು ನರಕ ಚತುರ್ದಶಿಯ ಸಮಯದಲ್ಲಿ ಸಾವಿರಾರು ಜನ ಹತ್ತುತ್ತಾರೆ. ಹಿಂದಿನ ರಾತ್ರಿಯಿಂದಲೇ, ಕತ್ತಲಲ್ಲಿಯೇ ಹತ್ತಲು ಆರಂಭಿಸುವವರೇ ಹೆಚ್ಚು. ಹರಕೆ ಹೊತ್ತವರು ತುದಿಯಲ್ಲಿ ದೇವಿಗೆ ಒಪ್ಪಿಸುವುದಕ್ಕೆ ಸೌದೆ, ತುಪ್ಪ, ಬಟ್ಟೆ, ಬಾಗಿನ ಹೊತ್ತುಕೊಂಡು ಹೋಗುತ್ತಾರೆ. ನಾನು ಮೊದಲು ಹತ್ತಿದಾಗ ನನ್ನ ಕೈಯಲ್ಲಿದ್ದದ್ದು ಒಂದೇ ಒಂದು ತುಂಡು ಸೌದೆ. ಅರ್ಧ ದಾರಿಯಲ್ಲಿ ಅದು ಮೊದಲಿನ ಹತ್ತು ಪಟ್ಟು ಭಾರವೆನ್ನಿಸಿತ್ತು, ಆದರೂ ಕೆಳಗಿಡಲು ಮನಸ್ಸು ಬರಲಿಲ್ಲ.

ಮಳೆಯ ಲೆಕ್ಕ ಇಲ್ಲಿ ಜೀವಕ್ಕೆ ಸಂಬಂಧಿಸಿದ್ದು. ಚತುರ್ದಶಿಯ ಸ್ನಾನ 2023ರಲ್ಲಿ ನವೆಂಬರ್ 12ರ ಬೆಳಗಿಗೆ ಬಂತು, ಆಗ ವಿಶಾಖೆ ಹಿಡಿದಿತ್ತು. 2024ರಲ್ಲಿ ಅಕ್ಟೋಬರ್ 31, ಅದು ಸ್ವಾತಿ. 2025ರಲ್ಲಿ ಅಕ್ಟೋಬರ್ 20, ಅದು ಚಿತ್ತೆ. ಹಬ್ಬ ಬೇಗ ಬಂದ ವರ್ಷಗಳಲ್ಲಿ ಕಡಿದಾದ ದಾರಿಯ ಮಣ್ಣು ನೆನೆದು ಜಾರುತ್ತದೆ, ಮುಂದಿನವರ ಹೆಜ್ಜೆ ಸವೆದ ಜಾಗದಲ್ಲಿ ಕಾಲಿಡುವುದೇ ಕಷ್ಟ. ಚಿತ್ತೆ ಅಥವಾ ಸ್ವಾತಿಯಲ್ಲಿ ಹಬ್ಬ ಬಿದ್ದರೆ ವಯಸ್ಸಾದವರನ್ನೂ ಚಿಕ್ಕ ಮಕ್ಕಳನ್ನೂ ಬೆಟ್ಟಕ್ಕೆ ಕರೆತರದೆ, ಕೆಳಗಿನ ಬಿಂಡಿಗದ ದೇವಸ್ಥಾನದಲ್ಲಿಯೇ ಪೂಜೆ ಮಾಡಿಸುವುದು ಒಳ್ಳೆಯದು ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಹಬ್ಬ ನವೆಂಬರಿಗೆ ಹೋದ ವರ್ಷ ನಮಗೆ ಬೇರೆ ತೊಂದರೆ: ಅರೇಬಿಕಾ ಹಣ್ಣಾಗಲು ಆರಂಭವಾಗಿ ಮೊದಲ ಸುತ್ತಿನ ಕೊಯ್ಲಿಗೂ ಹಬ್ಬಕ್ಕೂ ಒಟ್ಟೊಟ್ಟಿಗೆ ಆಳುಗಳನ್ನು ಹೊಂದಿಸಬೇಕಾಗುತ್ತದೆ.

ಮನೆಯ ಮಟ್ಟಿಗೆ ಹೇಳುವುದಾದರೆ, ನಮ್ಮಲ್ಲಿ ದೀಪಾವಳಿ ಆರಂಭವಾಗುವುದು ತ್ರಯೋದಶಿಯ ಸಂಜೆಯ ನೀರು ತುಂಬುವ ಹಬ್ಬದಿಂದ. ತಾಮ್ರದ ಹಂಡೆಯನ್ನು ಹುಣಸೆಹಣ್ಣಿನಿಂದ ಉಜ್ಜಿ, ಸುಣ್ಣ ಕೆಮ್ಮಣ್ಣುಗಳ ಪಟ್ಟೆ ಎಳೆದು, ಬಾವಿಯ ಬಳಿ ಗಂಗೆಗೆ ಪೂಜೆ ಮಾಡಿ ನೀರು ತುಂಬಿಸುತ್ತೇವೆ. ಬೆಳಗಿನ ಜಾವದ ಎಣ್ಣೆಸ್ನಾನಕ್ಕೆ ಆ ನೀರೇ. ಪಾಡ್ಯದ ದಿನ ಕೊಟ್ಟಿಗೆಯಲ್ಲಿ ಗೋಪೂಜೆ ಮುಗಿಸಿ, ಸಂಜೆ ಹೊಸಿಲಿನಿಂದ ಹಿಡಿದು ತಿಪ್ಪೆಯವರೆಗೂ ದೀಪ ಇಡುತ್ತೇವೆ. ಅಲ್ಲಿಂದ ಹನ್ನೊಂದು ದಿನಕ್ಕೆ ಉತ್ಥಾನ ದ್ವಾದಶಿ, ತುಳಸಿ ಕಟ್ಟೆಗೆ ನೆಲ್ಲಿಯ ಕೊಂಬೆ ನೆಟ್ಟು, ನೆಲ್ಲಿಕಾಯಿಯ ತಲೆ ಕೊರೆದು ಬತ್ತಿಯಿಟ್ಟು ಆರತಿ ಮಾಡುವಾಗ ಬರುವ ಆ ಹಸಿಯಾದ ಹುಳಿ ವಾಸನೆ ನನ್ನ ಪಾಲಿಗೆ ಶರದೃತುವಿನ ವಾಸನೆ. ಪಟ್ಟಣದ ಮಾರುಕಟ್ಟೆಯಲ್ಲಿ ಕೊಂಬೆಯೂ ಈಗ ದುಡ್ಡಿಗೆ ಸಿಗುತ್ತದೆ, ಆದರೆ ಕಾಯಿಯಿಲ್ಲದ ಬರಿ ಕೊಂಬೆಯನ್ನು ಮಾರುತ್ತಾರೆ, ನೋಡಿಕೊಂಡು ತೆಗೆದುಕೊಳ್ಳಬೇಕು.

ಪ್ರಶ್ನೆ ಕೇಳಿದವರು (ತವರು ಕೊಪ್ಪ, ಮನೆ ಹಾಸನ)

ಮೂವರಿಗೂ ಕೃತಜ್ಞತೆಗಳು. ಮೇಷ್ಟರೇ, ನಿಮ್ಮ ಲೆಕ್ಕವನ್ನು ಕಾಗದದ ಮೇಲೆ ಹಾಕಿ ಮಗಳಿಗೂ ತೋರಿಸಿದೆ. ಅವಳು ಎರಡು ಸಂದೇಹ ಎತ್ತಿದಳು. 2024ರಲ್ಲಿ ನಮ್ಮ ಮನೆಯಲ್ಲಿ ಲಕ್ಷ್ಮೀಪೂಜೆಯನ್ನು ಅಕ್ಟೋಬರ್ 31ಕ್ಕೆ ಮಾಡಿದೆವು, ಪಕ್ಕದ ಮನೆಯವರು ನವೆಂಬರ್ 1ಕ್ಕೆ ಮಾಡಿದರು. ಎರಡೂ ಸರಿಯಾಗುವುದು ಹೇಗೆ? ಶೃಂಗೇರಿಯ ಶಾರದೆಗೂ ಶರದೃತುವಿಗೂ ಹೆಸರಿನ ಸಂಬಂಧವಿದೆಯೇ ಎಂಬುದು ಅವಳ ಇನ್ನೊಂದು ಪ್ರಶ್ನೆ. 2026ಕ್ಕೆ ನಾನೇ ಲೆಕ್ಕ ಹಾಕಿದ್ದೇನೆ: ಹುಣ್ಣಿಮೆ ಅಕ್ಟೋಬರ್ 26, ಸೋಮವಾರ; ನಂತರದ ಗುರುವಾರ 29; ಬಲಿಪಾಡ್ಯಮಿ ನವೆಂಬರ್ 10, ಆದ್ದರಿಂದ ಬಾಗಿಲು ಮುಚ್ಚುವುದು 11ಕ್ಕೆ. ಸರಿಯೇ?

ಉತ್ತರ 4 (ನಿವೃತ್ತ ಗಣಿತ ಶಿಕ್ಷಕ, ಹಾಸನ)

ನಿಮ್ಮ 2026ರ ಲೆಕ್ಕ ನಿಯಮದ ಪ್ರಕಾರ ಸರಿಯಾಗಿದೆ, ಹದಿನಾಲ್ಕು ದಿನಗಳು ಬರುತ್ತವೆ. ಆದರೂ ದೇವಸ್ಥಾನದಿಂದ ಪ್ರಕಟಣೆ ಹೊರಟ ಮೇಲೆಯೇ ನೆಂಟರಿಗೆ ಖಚಿತವಾಗಿ ತಿಳಿಸಿ.

ಲಕ್ಷ್ಮೀಪೂಜೆಯ ವಿಷಯದಲ್ಲಿ ಎರಡೂ ಮನೆಗಳಿಗೆ ಆಧಾರವಿತ್ತು. ತಿಥಿಯು ನಡುರಾತ್ರಿಗೆ ಬದಲಾಗುವುದಿಲ್ಲ, ಚಂದ್ರನ ಗತಿಗೆ ತಕ್ಕಂತೆ ದಿನದ ಯಾವ ಹೊತ್ತಿನಲ್ಲಿಯಾದರೂ ಆರಂಭವಾಗಿ ಮುಗಿಯುತ್ತದೆ. ಆ ವರ್ಷ ಅಮಾವಾಸ್ಯೆಯು ಅಕ್ಟೋಬರ್ 31ರ ಮಧ್ಯಾಹ್ನ ಮೂರು ಗಂಟೆ ಕಳೆದ ಮೇಲೆ ಹಿಡಿದು, ನವೆಂಬರ್ 1ರ ಸಂಜೆ ಆರು ಗಂಟೆ ದಾಟುವವರೆಗೆ ಇತ್ತು. ಲಕ್ಷ್ಮೀಪೂಜೆಗೆ ಬೇಕಾದದ್ದು ಸೂರ್ಯಾಸ್ತದ ನಂತರದ ಪ್ರದೋಷ ಕಾಲ. ಪ್ರದೋಷವೂ ರಾತ್ರಿಯೂ ಅಮಾವಾಸ್ಯೆಯಿಂದ ತುಂಬಿದ್ದ 31 ಉತ್ತಮವೆಂದು ಕೆಲವರು ಹಿಡಿದರು, ಸೂರ್ಯೋದಯಕ್ಕೂ ಇದ್ದು ಸೂರ್ಯಾಸ್ತವನ್ನೂ ಸ್ವಲ್ಪ ಮುಟ್ಟಿದ ನವೆಂಬರ್ 1 ಉತ್ತಮವೆಂದು ಉಳಿದವರು. ನರಕ ಚತುರ್ದಶಿಗೆ ಇಂಥ ಗೊಂದಲ ಅಷ್ಟಾಗಿ ಬರುವುದಿಲ್ಲ, ಏಕೆಂದರೆ ಅದಕ್ಕೆ ನೋಡುವುದು ಬೆಳಗಿನ ಜಾವದಲ್ಲಿ ಚತುರ್ದಶಿ ಇದೆಯೇ ಎಂಬುದನ್ನು. ಆದ್ದರಿಂದಲೇ ಕೆಲವು ವರ್ಷ ಬೆಳಿಗ್ಗೆ ಚತುರ್ದಶಿಯ ಎಣ್ಣೆಸ್ನಾನ, ಅದೇ ಸಂಜೆ ಲಕ್ಷ್ಮೀಪೂಜೆ ಎರಡೂ ಒಂದೇ ದಿನ ಬರುತ್ತವೆ. ನಿಮ್ಮ ಮನೆಯ ಪುರೋಹಿತರು ಯಾವ ಪಂಚಾಂಗ ಹಿಡಿಯುತ್ತಾರೋ ಅದನ್ನು ಬಿಡದೆ ಅನುಸರಿಸಿದರೆ ಸಾಕು.

ಮಗಳ ಎರಡನೆಯ ಪ್ರಶ್ನೆ ನನಗೆ ಬಹಳ ಹಿಡಿಸಿತು. ಶರತ್ತಿಗೆ ಸಂಬಂಧಿಸಿದವಳು ಶಾರದೆ ಎಂಬ ಅರ್ಥವನ್ನು ಸಂಸ್ಕೃತ ಬಲ್ಲವರು ಹೇಳುತ್ತಾರೆ, ನವರಾತ್ರಿಗೂ ಶರನ್ನವರಾತ್ರಿ ಎಂದೇ ಹೆಸರು. ಶೃಂಗೇರಿಯಲ್ಲಿ ನವರಾತ್ರಿಯ ಹಿಂದಿನ ದಿನ, ಮಹಾಲಯ ಅಮಾವಾಸ್ಯೆಯಂದು, ಶಾರದಾಂಬೆಗೆ ಮಹಾಭಿಷೇಕ ನಡೆದು ಜಗತ್ಪ್ರಸೂತಿಕಾ ಅಲಂಕಾರವಾಗುತ್ತದೆ, ಅಂದರೆ ಜಗತ್ತನ್ನು ಹೆತ್ತ ತಾಯಿಯಾಗಿ ಮಗುವನ್ನು ಮಡಿಲಲ್ಲಿಟ್ಟುಕೊಂಡ ರೂಪ. ಮುಂದಿನ ದಿನಗಳಲ್ಲಿ ಹಂಸವಾಹನೆ, ವೃಷಭವಾಹನೆ, ಮಯೂರವಾಹನೆ, ಗರುಡವಾಹನೆಯ ಅಲಂಕಾರಗಳು ಬರುತ್ತವೆ. ಇವರು ಬ್ರಾಹ್ಮಿ, ಮಾಹೇಶ್ವರಿ, ಕೌಮಾರಿ, ವೈಷ್ಣವಿಯರೇ. ಇವರಲ್ಲಿ ಬ್ರಾಹ್ಮಿಯನ್ನು ಬಿಟ್ಟರೆ, ಹಾಸನದಲ್ಲಿ ಹುತ್ತದ ರೂಪದಲ್ಲಿ ಪೂಜೆಗೊಳ್ಳುವ ಅದೇ ಮೂವರು ಮಾತೃಕೆಯರನ್ನು, ಕೆಲವೇ ದಿನಗಳ ಮೊದಲು, ಮಲೆನಾಡಿನ ಇನ್ನೊಂದು ತುದಿಯಲ್ಲಿ ಚಿನ್ನದ ಆಭರಣಗಳಲ್ಲಿ ನೋಡಬಹುದು. ಹೆತ್ತ ತಾಯಿಯ ರೂಪದಿಂದ ಆರಂಭವಾಗುವ ಪಕ್ಷದ ಕೊನೆಗೆ ಬಸುರಿ ಭೂಮಿಗೆ ಬಯಕೆ ಊಟ ಬಡಿಸುವ ಹುಣ್ಣಿಮೆ ಬರುತ್ತದೆ ಎಂಬುದನ್ನು ನಾನು ಇದನ್ನು ಬರೆಯುವಾಗಲೇ ಗಮನಿಸಿದೆ.

ಪ್ರಶ್ನೆ ಕೇಳಿದವರು (ತವರು ಕೊಪ್ಪ, ಮನೆ ಹಾಸನ)

ಮೇಷ್ಟರೇ, ಮಗಳು ನಿಮ್ಮ ಉತ್ತರವನ್ನು ಅವಳ ಅಜ್ಜನಿಗೆ ಫೋನಿನಲ್ಲಿ ಪೂರ್ತಿ ಓದಿ ಹೇಳಿದಳು. 2026ರ ಹುಣ್ಣಿಮೆ ಸ್ವಾತಿಯಲ್ಲಿ ಬೀಳುತ್ತದೆಂದು ಕೇಳಿದ ಕೂಡಲೇ ಅಪ್ಪ, ಹಾಗಿದ್ದರೆ ಕೆಳಗಿನ ಗದ್ದೆಯಲ್ಲಿ ತೆನೆ ಬಂದಿರುತ್ತದೆ, ತಡವಾಗಿ ನೆಟ್ಟ ತೋಡಿನ ಪಕ್ಕದ ಮಡಿಗೇ ಪೂಜೆ ಮಾಡೋಣ ಎಂದರಂತೆ. ನನಗೂ ಹತ್ತು ಹದಿನೈದು ದಿನ ಮೊದಲೇ ರಜೆ ಬರೆದುಕೊಡುವ ಅವಕಾಶ ಸಿಕ್ಕಿದೆ. ಅಕ್ಟೋಬರ್ 25ರ ಭಾನುವಾರ ಮಧ್ಯಾಹ್ನದೊಳಗೆ ಮಗಳೊಂದಿಗೆ ಊರು ಸೇರುತ್ತೇನೆ, ಸೊಪ್ಪು ಕೊಯ್ಯುವ ಕೆಲಸವನ್ನು ನಮಗೇ ಬಿಡಿ ಎಂದು ಅಮ್ಮನಿಗೆ ಹೇಳಿಟ್ಟಿದ್ದೇನೆ.